ಹಕ್ಕಿಯ ಕಾಲುಂಗುರ



ಹಿಂಗಾರಿ ಜೋಳ ಮೊಳಕಾಲುದ್ದ ಎದ್ದು, ಕಡಲೆ ಹೂವಿಗೆ ಬರುವ ಹೊತ್ತಿಗೆ ನಮ್ಮ ಧೂಪದಾಳದ ಹಿನ್ನೀರಿಗೆ ದೂರದ ಹಕ್ಕಿಗಳು ಬಂದು ಇಳಿಯುವದು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಹೊಸ ಸಂಗತಿಯೇನೂ ಅಲ್ಲ. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಎಡದಂಡೆ ಕಾಲುವೆಗೆ ನೀರು ಬಿಟ್ಟದ್ದು 1897ರಷ್ಟು ಹಿಂದಿನ ಮಾತು. ಒಡ್ಡಿನ ಹಿಂದೆ ನೀರು ನಿಂತಿತು, ಕೆಸರು ಕೂಡಿತು, ಜೇಕು ಬೆಳೆಯಿತು. ಹಕ್ಕಿಗಳಿಗೆ ಯಾರೂ ಕರೆ ಕಳಿಸಬೇಕಾಗಲಿಲ್ಲ, ತಾವಾಗಿಯೇ ಬಂದವು. 1974ರಲ್ಲಿ ಸರಕಾರದವರು ಅಲ್ಲಿಯ ಸುಮಾರು 30 ಚದರ ಕಿಲೋಮೀಟರು ಜಾಗೆಯನ್ನು ಘಟಪ್ರಭಾ ಪಕ್ಷಿಧಾಮವೆಂದು ಗೊತ್ತುಮಾಡಿದರು.

ಅಲ್ಲಿಗೆ ಬರುವವುಗಳ ಪೈಕಿ ಎರಡನ್ನು ನೀವು ಖಂಡಿತ ನೋಡಿರಬೇಕು. ಒಂದು, ಬೂದುಮೈಯ, ಕಪ್ಪು ಕೊರಳಿನ, ಕಣ್ಣ ಹಿಂದೆ ಬಿಳಿ ಗರಿಯ ಕುಚ್ಚು ಇಳಿಬಿಟ್ಟ ಎತ್ತರದ ಹಕ್ಕಿ. ಇದಕ್ಕೆ ಕೆಲವರು ಕರಕೊಂಚ ಎನ್ನುವರು, ಪುಸ್ತಕದವರು ಕ್ರೌಂಚ ಎನ್ನುವರು. ಇನ್ನೊಂದು, ಮೈಯೆಲ್ಲ ಬಿಳಿ, ರೆಕ್ಕೆಯ ಅಂಚು ಕಪ್ಪು, ಕಾಲೂ ಕೊಕ್ಕೂ ಕೆಂಪಗಿರುವ ದೊಡ್ಡ ಕೊಕ್ಕರೆ. ಹೊಲದಲ್ಲಿ ಗಂಭೀರವಾಗಿ ಹೆಜ್ಜೆ ಇಡುತ್ತ ಮಿಡತೆ, ಹುಳ, ಇಲಿಮರಿ ಆರಿಸಿ ತಿನ್ನುತ್ತದೆ. ಮೊದಲನೆಯದರ ತವರು ಮಂಗೋಲಿಯಾ, ಕಜಾಕಿಸ್ತಾನಗಳ ಹುಲ್ಲುಗಾವಲು. ಎರಡನೆಯದು ಯುರೋಪಿನಲ್ಲಿ ಮನೆಯ ಮಾಳಿಗೆಯ ಮೇಲೆ, ಹೊಗೆಗೂಡಿನ ಮೇಲೆ ಗೂಡು ಕಟ್ಟುವ ಜಾತಿಯದು.

ಈಗ ನಮ್ಮ ಯಾರಾದರೂ ಹಿರಿಯರು ಕೇಳಬಹುದು: "ಅಲ್ರೀ, ಹಕ್ಕಿ ಎಲ್ಲಿಂದ ಬಂತು ಅಂತ ನಿಮಗ ಹ್ಯಾಂಗ ತಿಳೀತು? ಅದೇನು ಬಂದು ಹೇಳಿತೇನು?" ಕೇಳತಕ್ಕ ಪ್ರಶ್ನೆಯೇ ಸರಿ. ಇವತ್ತಿನ ನನ್ನ ಮಾತು ಇರುವದು ಈ ಪ್ರಶ್ನೆಯ ಮೇಲೆಯೇ.

ಹಿಂದಕ್ಕೆ ಯುರೋಪಿನವರಿಗೂ ಇದು ತಿಳಿದಿರಲಿಲ್ಲ. ಚಳಿಗಾಲ ಬಂತೆಂದರೆ ಹಕ್ಕಿ ಮಾಯ. ಬೇಸಿಗೆಗೆ ಮತ್ತೆ ಪ್ರತ್ಯಕ್ಷ. ಕೆರೆಯ ತಳದ ಕೆಸರಿನಲ್ಲಿ ಹುಗಿದುಕೊಂಡು ನಿದ್ದೆ ಮಾಡುತ್ತವೆಂದು ಓದಿದವರೇ ನಂಬಿದ್ದರು. 1822ರಲ್ಲಿ ಜರ್ಮನಿಯ ಕ್ಲ್ಯೂಟ್ಸ್ ಎಂಬ ಊರ ಹತ್ತಿರ ಒಂದು ಬಿಳಿ ಕೊಕ್ಕರೆ ಸಿಕ್ಕಿತು. ಅದರ ಕೊರಳಿನಲ್ಲಿ ಮೊಳಕ್ಕಿಂತ ಉದ್ದದ ಬಾಣ ನಾಟಿಕೊಂಡಿತ್ತು! ಬಾಣ ಆಫ್ರಿಕಾ ಖಂಡದ್ದು, ಅಲ್ಲಿಯ ಕಟ್ಟಿಗೆಯದು. ಅಂದರೆ ಈ ಹಕ್ಕಿ ಆಫ್ರಿಕೆಯಲ್ಲಿ ಬಾಣ ತಿಂದು, ಆ ಬಾಣ ಹೊತ್ತುಕೊಂಡೇ ಊರಿಗೆ ತಿರುಗಿ ಬಂದಿತ್ತು. ಕೆಸರಿನಲ್ಲಿ ಮಲಗುವ ಕತೆ ಅಲ್ಲಿಗೆ ಮುಗಿಯಿತೆನ್ನಿರಿ. ಆ ಹಕ್ಕಿಯನ್ನು ಇಂದಿಗೂ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಕಾದಿಟ್ಟಿದ್ದಾರೆ.

ಆದರೆ ಗುರುತಿನ ಸಲುವಾಗಿ ಹಕ್ಕಿಗೆ ಬಾಣ ಹೊಡೆಯಲಿಕ್ಕೆ ಬರುವದಿಲ್ಲವಲ್ಲ. ನಮ್ಮ ಎಮ್ಮೆ ಆಕಳುಗಳಿಗೆ ಈಗ ದವಾಖಾನೆಯವರು ಕಿವಿಗೆ ನಂಬರಿನ ಬಿಲ್ಲೆ ಹಾಕುತ್ತಾರೆ. ಸಂತೆಯಲ್ಲಿ ಕಳೆದರೂ ನಂಬರ ನೋಡಿ ಇದು ಇಂಥವರ ದನ ಎಂದು ಹೇಳಬಹುದು. ಇದೇ ಯುಕ್ತಿಯನ್ನು 1899ರಲ್ಲಿ ಡೆನ್ಮಾರ್ಕ ದೇಶದ ಮಾರ್ಟೆನ್ಸನ್ ಎಂಬ ಸಾಲಿಯ ಮಾಸ್ತರರು ಹಕ್ಕಿಗೆ ಹೂಡಿದರು. ಅಲ್ಯುಮಿನಿಯಮ್ಮಿನ ತೆಳ್ಳನ್ನ ಉಂಗುರ ಮಾಡಿ, ಅದರ ಮೇಲೆ ನಂಬರನ್ನೂ ತಮ್ಮ ಊರ ಹೆಸರನ್ನೂ ಕೊರೆದು, 165 ಹಕ್ಕಿಗಳ ಕಾಲಿಗೆ ಹಾಕಿ ಬಿಟ್ಟರು. ಅವು ಗೊರವಂಕದ ಬಳಗದ ಹಕ್ಕಿಗಳು. ನಮ್ಮಲ್ಲಿ ಜೋಳದ ಕಾಳು ಹಾಲು ತುಂಬುವಾಗ ಹಿಂಡುಹಿಂಡಾಗಿ ಎರಗುವ, ತಲೆ ಕಪ್ಪು ಮೈ ತಿಳಿಗೆಂಪಿನ ಆ ತುಂಟ ಹಕ್ಕಿ ಇದೆಯಲ್ಲ, ಸೀತನಿಯ ದಿನಗಳಲ್ಲಿ ಕವಣೆ ಬೀಸಿ ಬೀಸಿ ನಿಮ್ಮ ರಟ್ಟೆ ಸೋಲುವದು ಯಾವುದರಿಂದಲೋ, ಅದರ ದಾಯಾದಿ.

ಹೀಗೆ ಉಂಗುರ ಹಾಕುವ, ಹಕ್ಕಿ ಎಣಿಸುವ ಠಾಣ್ಯಗಳು ಹೆಚ್ಚಾಗಿ ಸಮುದ್ರದ ದಂಡೆಯಲ್ಲಿರುತ್ತವೆ. ಅದಕ್ಕೆ ಕಾರಣವುಂಟು. ನೆಲದ ಮೇಲೆ ಹರವಿಕೊಂಡು ಹಾರುವ ಹಕ್ಕಿಗೆ ಎದುರಿಗೆ ನೀರು ಕಂಡರೆ ಅನುಮಾನ ಹುಟ್ಟುತ್ತದೆ. ಕೆಲವು ದಂಡೆ ಹಿಡಿದೇ ಸಾಗುತ್ತವೆ, ಕೆಲವು ಇಳಿದು ಮೇಯ್ದು ದಣಿವಾರಿಸಿಕೊಳ್ಳುತ್ತವೆ. ನೆಲ ಮೂಲೆಯಾಗಿ ಸಮುದ್ರಕ್ಕೆ ಚಾಚಿದ ಜಾಗೆಯಲ್ಲಿ, ಸಂಜೆಗೆ ದೊಡ್ಡಿಯ ಬಾಗಿಲಲ್ಲಿ ದನ ಒತ್ತಟ್ಟಿಗೆ ಕೂಡಿದಂತೆ, ಸುತ್ತಲಿನ ಹಕ್ಕಿಗಳೆಲ್ಲ ಬಂದು ಕೂಡುತ್ತವೆ. 1901ರಲ್ಲಿ ಬಾಲ್ಟಿಕ್ ಸಮುದ್ರದ ಉಸುಕಿನ ದಿಣ್ಣೆಯ ಮೇಲೆ ರೊಸ್ಸಿಟೆನ್ ಎಂಬಲ್ಲಿ ಥೀನೆಮನ್ ಎಂಬವರು ಸ್ಥಾಪಿಸಿದ ಠಾಣ್ಯವೇ ಜಗತ್ತಿನಲ್ಲಿ ಇಂಥದರಲ್ಲಿ ಮೊದಲನೆಯದು. ಆ ಊರು ಈಗ ರಶಿಯಾ ದೇಶದಲ್ಲಿದೆ, ಹೆಸರು ರಿಬಾಚಿ. ಹಕ್ಕಿಯ ಕೆಲಸ ಅಲ್ಲಿ ಮುಂದುವರಿದಿದೆ. ನಮ್ಮ ಸಾಲಿಂ ಅಲಿಯವರು 1929-30ರಲ್ಲಿ ಜರ್ಮನಿಗೆ ಕಲಿಯಲು ಹೋದಾಗ, ಹೆಲಿಗೋಲ್ಯಾಂಡ ನಡುಗಡ್ಡೆಯ ಠಾಣ್ಯದಲ್ಲಿ ಈ ಉಂಗುರದ ಕೆಲಸವನ್ನು ಕೈಯಾರೆ ನೋಡಿಕೊಂಡು ಬಂದರು.

ನಮ್ಮ ದೇಶದ ಇಂಥ ಕಡಲ ಠಾಣ್ಯವೆಂದರೆ ತಮಿಳುನಾಡಿನ ಕೋಡಿಕ್ಕರೈ. ಪೂರ್ವ ಕರಾವಳಿ ತೆಂಕಣಕ್ಕೆ ಬಂದು ಬಂದು, ಒಮ್ಮೆಲೆ ಪಡುವಣಕ್ಕೆ ಹೊರಳುವ ಮೂಲೆ ಅದು. ಆಚೆಗೆ ನೀರು ದಾಟಿದರೆ ಸಿಂಹಳ. 1967ರಲ್ಲಿ ಅದನ್ನು ಅಭಯಾರಣ್ಯ ಮಾಡಿದರು. ಕೆಸರು ಬಯಲು, ಉಪ್ಪಿನ ಮಡಿಗಳು, ಕುರುಚಲು ಕಾಡು, ಅದರಲ್ಲಿ ಮೇಯುವ ಕೃಷ್ಣಮೃಗಗಳು. ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದಶಕಗಳಿಂದ ಅಲ್ಲಿ ಉಂಗುರದ ಕೆಲಸ ನಡೆಸಿಕೊಂಡು ಬಂದಿದ್ದಾರೆ.

ಅಲ್ಲಿಯ ಒಂದು ದಿನವೆಂದರೆ ಹಿಂದಿನ ರಾತ್ರಿಯಿಂದಲೇ ಸುರು. ಅಮಾಸಿಯ ಹತ್ತಿರದ ಕತ್ತಲ ರಾತ್ರಿಗಳೇ ಈ ಕೆಲಸಕ್ಕೆ ಒಳ್ಳೆಯವು. ಬೆಳುದಿಂಗಳಿದ್ದರೆ ಹಕ್ಕಿಗೆ ಬಲೆ ಕಾಣುತ್ತದೆ. ಬಲೆಯೋ, ಕೂದಲೆಳೆಯಂಥ ಕಪ್ಪು ನೂಲಿನದು. ಬಿದಿರಿನ ಎರಡು ಗಳಗಳ ನಡುವೆ ಪರದೆಯಂತೆ ಕಟ್ಟಿರುತ್ತಾರೆ. ಅಡ್ಡಲಾಗಿ ನಾಲ್ಕೈದು ಬಿಗಿ ಹಗ್ಗ, ಅವುಗಳ ನಡುವೆ ಬಲೆ ಸಡಿಲಾಗಿ ಜೋತು ಚೀಲದಂತೆ ಆಗಿರುತ್ತದೆ. ಹಾರಿ ಬಂದ ಹಕ್ಕಿ ಬಲೆಗೆ ತಾಗಿ ಆ ಚೀಲದಲ್ಲಿ ಬೀಳುವದು. ಗಾಯವಾಗುವದಿಲ್ಲ. ಆದರೆ ಬಲೆ ಕಟ್ಟಿ ಮನೆಗೆ ಹೋಗಿ ಮಲಗುವ ಕೆಲಸ ಇದಲ್ಲ. ತಾಸಿಗೆ ಎರಡು ಸಲವಾದರೂ ದೀಪ ಹಿಡಿದು, ಮೊಳಕಾಲ ಕೆಸರಿನಲ್ಲಿ ಸುತ್ತು ಹಾಕಲೇಬೇಕು. ತಡವಾದರೆ ಹಕ್ಕಿ ಸಿಕ್ಕಿಕೊಂಡು ಬಳಲುವದು, ನರಿಯೋ ಬೆಕ್ಕೋ ಮುಟ್ಟುವದು. ಹೊತ್ತೇರಿತೆಂದರೆ ಬಿಸಿಲೇ ಅದಕ್ಕೆ ಯಮ. ಹಕ್ಕಿಯ ಜೀವ ಮೊದಲು, ಲೆಕ್ಕ ಆಮೇಲೆ ಎಂಬುದು ಈ ಕಸಬಿನ ಕಟ್ಟಳೆ.

ಸಿಕ್ಕ ಹಕ್ಕಿಯನ್ನು ಬಿಡಿಸುವ ಕೈಚಳಕ ಬೇರೆಯೇ. ಯಾವ ಮಗ್ಗಲಿಂದ ಒಳಗೆ ಬಿತ್ತೋ ಅದೇ ಮಗ್ಗಲಿಂದ, ಮೊದಲು ಕಾಲು, ಆಮೇಲೆ ರೆಕ್ಕೆ, ಕಡೆಗೆ ತಲೆ. ತೋರುಬೆರಳು ನಡುಬೆರಳುಗಳ ನಡುವೆ ಅದರ ಕೊರಳು, ಅಂಗೈಯಲ್ಲಿ ಅದರ ಬೆನ್ನು; ಒತ್ತಬಾರದು, ಬಿಡಲೂಬಾರದು. ತುಸು ಬಿಗಿಯಾದರೂ ಅದಕ್ಕೆ ಉಸಿರು ಸಾಲದು. ಈ ಕೆಲಸಕ್ಕೆ ಸೊಸೈಟಿಯವರಿಗೆ ಒದಗಿದವರು ಯಾರು ಗೊತ್ತೇನು? ಬಿಹಾರದ ಮೀರ್‌ಶಿಕಾರಿ ಜನ. ತಲೆತಲಾಂತರದಿಂದ ಹಕ್ಕಿ ಹಿಡಿದು ಮಾರಿ ಹೊಟ್ಟೆ ಹೊರೆದವರು. ಅವರಲ್ಲಿ ಅಲಿ ಹುಸೇನ ಎಂಬವರ ಹೆಸರು ಹಕ್ಕಿ ಬಲ್ಲವರಲ್ಲೆಲ್ಲ ಮಾತಾಯಿತು. ಯಾವ ಹಕ್ಕಿ ಯಾವ ಹೊತ್ತಿಗೆ ಎಲ್ಲಿ ಕಾಲಿಡುವದೆಂಬುದು ಪದವಿ ಪಡೆದವರಿಗಿಂತ ಅವರಿಗೆ ಹೆಚ್ಚು ತಿಳಿದಿತ್ತು. ನಮ್ಮ ಕಡೆಯೂ ಇಂಥ ಕೈಯವರು ಇದ್ದಾರೆ. ಅವರನ್ನು ಬರೀ ಬೈದು ಓಡಿಸುವದಕ್ಕಿಂತ, ಆ ವಿದ್ಯೆಗೆ ಇಂಥ ದಾರಿ ತೋರಿಸುವದು ಜಾಣತನವೆಂದು ನನಗೆ ಅನಿಸುತ್ತದೆ.

ಬಿಡಿಸಿದ ಹಕ್ಕಿಯನ್ನು ಅರಿವೆಯ ಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ನೆರಳಲ್ಲಿ ತೂಗಹಾಕುವರು. ಕತ್ತಲಿದ್ದರೆ ಅದು ಗಾಬರಿಯಾಗದೆ ಸುಮ್ಮನಿರುತ್ತದೆ. ಮುಂದೆ ಮೇಜಿನ ಹತ್ತಿರ ಒಬ್ಬರು ಹೇಳುವದು, ಒಬ್ಬರು ಬರೆಯುವದು. ಹಕ್ಕಿಯ ಕಾಲಿನ ದಪ್ಪ ನೋಡಿ ಉಂಗುರ ಆರಿಸಬೇಕು. ತೀರ ಸಣ್ಣ ಉಂಗುರ ಗುಲಗಂಜಿಗಿಂತ ಹಗುರ. ಬಳೆಗಾರ ಬಳೆ ಇಡಿಸಿದಂತೆ ಹುಷಾರಿಯಿಂದ ಅದನ್ನು ಕಾಲಿಗೆ ಇಟ್ಟು, ಇಕ್ಕಳದಿಂದ ಎರಡೂ ತುದಿ ಕೂಡಿಸಬೇಕು. ಸಂದಿ ಉಳಿದರೆ ಹುಲ್ಲೋ ನೂಲೋ ಸಿಕ್ಕಿ ಹಕ್ಕಿಗೆ ಕಂಟಕ. ಬಿಗಿಯಾದರೆ ಕಾಲು ಕೆಡುವದು. ಸರಾಗ ತಿರುಗಬೇಕು, ಕಳಚಬಾರದು. ತಾಯಂದಿರಿಗೆ ಕಾಲುಂಗುರದ ಲೆಕ್ಕ ನಾನು ಹೇಳಬೇಕಾಗಿಲ್ಲ.

ಆಮೇಲೆ ರೆಕ್ಕೆಯ ಉದ್ದ, ಕೊಕ್ಕಿನ ಉದ್ದ, ತೂಕ. ಎದೆಯ ಮೇಲಿನ ಗರಿಗಳನ್ನು ಬಾಯಿಯಿಂದ ಉಫ್ ಎಂದು ಊದಿದರೆ ಚರ್ಮದ ಕೆಳಗೆ ಹಳದಿ ಕೊಬ್ಬು ಕಾಣುತ್ತದೆ. ಇದನ್ನು ಬಹಳ ಗಮನವಿಟ್ಟು ಬರೆದುಕೊಳ್ಳುತ್ತಾರೆ. ಏಕೆಂದರೆ ಆ ಕೊಬ್ಬೇ ಹಕ್ಕಿಯ ದಾರಿಬುತ್ತಿ. ಅಲ್ಲಿ ಸಾವಿರಗಟ್ಟಲೆ ಬರುವ ಒಂದು ಕಿರು ಗೊರವ ಹಕ್ಕಿಯ ತೂಕ ಎರಡು ತೊಲಿ ಮಾತ್ರ. ಅಷ್ಟು ಸಣ್ಣದು ಮೊಟ್ಟೆ ಇಡುವದು ಸೈಬೀರಿಯದ ಬಡಗಣ ತುದಿಯಲ್ಲಿ, ಹಿಮದ ಸಮುದ್ರದ ದಂಡೆಗೆ! ನಾವು ಜಾತ್ರೆಗೆ ಹೊರಟಾಗ ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡಂತೆ, ಅದು ವಸಂತಕ್ಕೆ ಮೊದಲು ಕೆಸರಿನ ಹುಳ ತಿಂದು ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಕೆಸರು ಬಯಲು ಕೆಟ್ಟರೆ ಬುತ್ತಿ ಇಲ್ಲ. ಬುತ್ತಿ ಇಲ್ಲದವರು ದಾರಿಯಲ್ಲಿ ಬೀಳುವದೇ ಸೈ.

ಲೆಕ್ಕ ಮುಗಿದ ಕೂಡಲೆ ಹಕ್ಕಿಯನ್ನು ಮೇಲೆ ಎಸೆಯದೆ, ನೆಲದ ಹತ್ತಿರ ಕೈ ಬಿಚ್ಚಿ ಬಿಡುತ್ತಾರೆ. ನಡು ಹಗಲಿನಲ್ಲಿ ಬಲೆ ಇರುವದಿಲ್ಲ. ದುರ್ಬೀನು ಹಿಡಿದು ಉಪ್ಪಿನ ಮಡಿಗಳಲ್ಲಿ ಎಣಿಸುವ ಕೆಲಸ. ಸಾವಿರ ಹಕ್ಕಿಯ ಹಿಂಡನ್ನು ಎಣಿಸುವದು ಹೇಗೆ? ಮೊದಲು ಹತ್ತು ಎಣಿಸುವದು, ಆ ಹತ್ತು ಎಷ್ಟು ಜಾಗೆ ಹಿಡಿದಿವೆ ಎಂದು ಕಣ್ಣಲ್ಲಿ ಇಟ್ಟುಕೊಳ್ಳುವದು, ಆಮೇಲೆ ಹತ್ತು ಹತ್ತಾಗಿ ಅಳೆಯುತ್ತ ಹೋಗುವದು. ನಮ್ಮ ಕುರುಬ ಅಣ್ಣಗಳು ಕುರಿ ಹಿಂಡನ್ನು ನೋಡಿದ ಕೂಡಲೆ ಹೇಳುವದಿಲ್ಲವೆ, ಹಾಗೆ.

"ಇಷ್ಟೆಲ್ಲ ಮಾಡಿ ಬಂದದ್ದೇನು? ಹೊಟ್ಟಿಗೇನು ಸಿಕ್ಕಿತು?" ಎಂದೀರಿ. ಅದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವಿದೆ.

1957ರಲ್ಲಿ ಶಿವಮೊಗ್ಗೆ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಪಟಪಟನೆ ಸತ್ತವು. ಹಿಂದೆಯೇ ಸೌದೆಗೆ, ಸೊಪ್ಪಿಗೆ ಕಾಡು ಹೊಕ್ಕ ಜನರಿಗೂ ಜ್ವರ ಬಂತು, ಹಲವರು ತೀರಿಕೊಂಡರು. ಅದೇ ಮಂಗನ ಕಾಯಿಲೆ. ಕಾಡಿನ ಉಣ್ಣಿ ಕಚ್ಚುವದರಿಂದ ಅದು ಬರುವದೆಂದು ಪತ್ತೆ ಹಚ್ಚಿದರು. ಆದರೆ ರೋಗದ ವಿಷಾಣುವನ್ನು ಪರೀಕ್ಷಿಸಿದವರಿಗೆ ಸೋಜಿಗವಾಯಿತು. ಅದು ಸಾವಿರಾರು ಮೈಲಿ ದೂರದ ರಶಿಯಾ, ಸೈಬೀರಿಯಗಳಲ್ಲಿ ಉಣ್ಣಿಯಿಂದಲೇ ಬರುವ ಒಂದು ಮಿದುಳು ಜ್ವರದ ವಿಷಾಣುವಿನ ಅಣ್ಣತಮ್ಮನಂತಿತ್ತು. ಸೈಬೀರಿಯದಿಂದ ಮಲೆನಾಡಿಗೆ ಅದನ್ನು ತಂದವರಾರು? ಎಲ್ಲರ ಬೆರಳೂ ಹಕ್ಕಿಯ ಕಡೆ ತಿರುಗಿತು. ಗರಿಯಲ್ಲಿ ಉಣ್ಣಿ ಇಟ್ಟುಕೊಂಡು ಪ್ರತಿ ವರುಷ ಅಲ್ಲಿಂದ ಇಲ್ಲಿಗೆ ಬರುವವು ಅವೇ ತಾನೆ?

ಆರೋಪ ಹೊರಿಸುವದು ಸುಲಭ, ಸಾಕ್ಷಿ ಬೇಕಲ್ಲ. 1959ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯವರು ಹಣ ಕೊಟ್ಟರು. ಸಾಲಿಂ ಅಲಿಯವರ ಮುಂದಾಳುತನದಲ್ಲಿ ಸೊಸೈಟಿಯವರು ಕಚ್ಛ, ಭರತಪುರ ಮೊದಲಾದ ಕಡೆ, ಮುಂದೆ ಕೋಡಿಕ್ಕರೈಯಲ್ಲಿಯೂ ದೊಡ್ಡ ಪ್ರಮಾಣದಲ್ಲಿ ಹಕ್ಕಿ ಹಿಡಿದು ಉಂಗುರ ಹಾಕಿದರು. ತಾಯಿ ಮಗಳ ತಲೆಯಲ್ಲಿ ಹೇನು ಹುಡುಕಿದಂತೆ ಗರಿಗರಿಯ ಬುಡ ಬಿಡಿಸಿ ಉಣ್ಣಿ ಹುಡುಕಿದರು, ರಕ್ತ ಪರೀಕ್ಷೆ ಮಾಡಿಸಿದರು. ಕಡೆಗೆ, ವಲಸೆಯ ಹಕ್ಕಿಯೇ ಈ ರೋಗವನ್ನು ಸೈಬೀರಿಯದಿಂದ ಹೊತ್ತು ತಂದಿತೆಂಬುದಕ್ಕೆ ಆಧಾರ ಸಿಗಲಿಲ್ಲ. ರೋಗದ ಬೇರು ಇದ್ದದ್ದು ಇಲ್ಲಿಯ ಕಾಡು, ಇಲ್ಲಿಯ ಉಣ್ಣಿ, ಇಲ್ಲಿಯ ಸಣ್ಣ ಪ್ರಾಣಿಗಳಲ್ಲಿಯೇ. ಯೋಚಿಸಿ ನೋಡಿರಿ: ಆಗ ಅವಸರ ಮಾಡಿ ಹಕ್ಕಿಗಳನ್ನು ಕೊಲ್ಲಿಸಿದ್ದರೆ ಹಕ್ಕಿಯೂ ಹೋಗುತ್ತಿತ್ತು, ಜ್ವರವೂ ಉಳಿಯುತ್ತಿತ್ತು. ಇನ್ನು, ನಮ್ಮ ದೇಶದ ಹಕ್ಕಿಗಳ ದಾರಿಯ ವಿಷಯವಾಗಿ ಇಂದು ನಮಗೆ ತಿಳಿದಿರುವದರಲ್ಲಿ ಬಹಳಷ್ಟು ಆ ವಿಚಾರಣೆಯಿಂದಲೇ ಹೊರಟದ್ದು. ಮಲೆನಾಡಿನ ಬಡವರ ಜ್ವರದಿಂದ ದೇಶದ ಹಕ್ಕಿಶಾಸ್ತ್ರ ಬೆಳೆಯಿತೆಂದರೆ ಹೆಚ್ಚಿನ ಮಾತಲ್ಲ.

ಈಗ ನಮ್ಮ ಹೊಲಗಳಿಗೆ ಬರೋಣ. ಉಂಗುರ ಹಾಕಿದ ಹಕ್ಕಿಗಳಲ್ಲಿ ಬಹುಪಾಲಿನ ಸುದ್ದಿ ಮತ್ತೆ ಸಿಗುವದೇ ಇಲ್ಲ. ಸಿಗುವ ಎಲ್ಲೋ ಕೆಲವು ಸಹ ಶಾಸ್ತ್ರಜ್ಞರಿಗೆ ಸಿಗುವದು ಕಡಿಮೆ. ಕೆರೆಯಲ್ಲಿ ಮೀನು ಹಿಡಿಯುವವರಿಗೆ, ಕುರಿ ಕಾಯುವ ಹುಡುಗರಿಗೆ, ಹೊಲಕ್ಕೆ ನೀರು ಹಾಯಿಸುವ ನಿಮಗೇ ಹೆಚ್ಚಾಗಿ ಸಿಗುತ್ತವೆ. ಜರ್ಮನಿಯಲ್ಲಿ ಗೂಡಿನಲ್ಲಿದ್ದಾಗಲೇ ಉಂಗುರ ಹಾಕಿಸಿಕೊಂಡ ಬಿಳಿ ಕೊಕ್ಕರೆ ರಾಜಸ್ಥಾನದ ಬಿಕಾನೇರ ಸೀಮೆಯಲ್ಲಿ ಸಿಕ್ಕದ್ದುಂಟು. ಸಿಕ್ಕವರು ಉಂಗುರವನ್ನು ತಿಪ್ಪೆಗೆ ಎಸೆದಿದ್ದರೆ ಆ ಸಂಗತಿ ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಕೆಲಸ ಠಾಣ್ಯದವರದಾದರೆ ಉಳಿದರ್ಧ ನಿಮ್ಮದು.

ಈಚೆಗೆ ಉಂಗುರದ ಜತೆಗೆ ಬೇರೆ ಗುರುತುಗಳೂ ಬಂದಿವೆ. ಕಾಲಿಗೆ ಬಣ್ಣದ ಪುಟ್ಟ ಪಟ್ಟಿ. ದೊಡ್ಡ ಬಾತುಗಳಿಗೆ ಕೊರಳ ಪಟ್ಟಿ. ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ ಗೊತ್ತಲ್ಲ, 2024ರಲ್ಲಿ ರಾಮಸರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮಹತ್ವದ ಜೌಗು ತಾಣಗಳ ಸಾಲಿಗೆ. ಅಲ್ಲಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಮಂಗೋಲಿಯಾದಲ್ಲಿ ಇಂಥ ಕೊರಳಪಟ್ಟಿ ಹಾಕುವರು. ಪಟ್ಟಿ ಹೊತ್ತ ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡಿವೆ. ಇದನ್ನು ದುರ್ಬೀನಿನಿಂದಲೇ ಓದಬಹುದು, ಹಿಡಿಯುವ ಕಾರಣವಿಲ್ಲ. ಕೆಲವು ಹಕ್ಕಿಗಳ ಬೆನ್ನ ಮೇಲೆ ಸಣ್ಣ ಯಂತ್ರವನ್ನೇ ಕಟ್ಟುತ್ತಾರೆ. 2024ರ ನವೆಂಬರದಲ್ಲಿ ಕಾರವಾರದ ಹತ್ತಿರ ಇಂಥ ಯಂತ್ರ ಹೊತ್ತ ರಣಹದ್ದು ಕಂಡಾಗ ಜನ ಬೇಹುಗಾರಿಕೆಯೆಂದು ಅಂಜಿದರು. ವಿಚಾರಿಸಿದರೆ ಅದು ಮಹಾರಾಷ್ಟ್ರದ ತಾಡೋಬಾ ಕಾಡಿನಿಂದ ಅಭ್ಯಾಸಕ್ಕಾಗಿ ಬಿಟ್ಟ ಹಕ್ಕಿ! ಹಾಗೆ ಕಂಡರೆ ಕಲ್ಲು ಬೀಸಬೇಡಿರಿ. ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಿರಿ.

ಒಂದು ಮಾತು ಬಿಚ್ಚಿಯೇ ಹೇಳಬೇಕು. ಕರಕೊಂಚದ ಹಿಂಡು ಮುಂಜಾನೆ ಕಡಲೆ ಹೊಲಕ್ಕೋ ಗೋದಿ ಹೊಲಕ್ಕೋ ಇಳಿದರೆ ಲುಕ್ಸಾನು ಆಗುವದು ಖರೆ. ಹಕ್ಕಿ ರೈತನ ಮಿತ್ರ ಎಂದು ಪಟ್ಟಣದವರು ಹೇಳಿದ ಮಾತ್ರಕ್ಕೆ ಆ ಲುಕ್ಸಾನು ತುಂಬಿ ಬರುವದಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಳು ಆರಿಸಿದರೆ ತಿನ್ನಲಿ ಬಿಡಿ. ಎಳೆ ಪೈರಿಗೆ ಬಂದಾಗ ಮಾತ್ರ ಬೆಳಗಿನ ಎರಡು ತಾಸು, ಸಂಜೆಯ ಎರಡು ತಾಸು ಕಾವಲಿದ್ದು ಹಲಗೆ ಬಾರಿಸಿ ಎಬ್ಬಿಸಿರಿ. ಅವು ಬಲು ಅಂಜುಬುರುಕ. ಅಕ್ಕಪಕ್ಕದ ಹೊಲದವರು ಕೂಡಿ ಎಬ್ಬಿಸಿದರೆ ಬೇಗ ಜಾಗೆ ಬಿಡುತ್ತವೆ. ಒಬ್ಬರೇ ಎಬ್ಬಿಸಿದರೆ ಬಾಜೂ ಹೊಲಕ್ಕೆ ಹೋಗಿ ತಂಟೆ ಹುಟ್ಟುವದು. ಆದರೆ ಕಾಳಿಗೆ ಕೀಟನಾಶಕ ಹಚ್ಚಿ ಚೆಲ್ಲುವ ಕೆಲಸ ಯಾರೂ ಮಾಡಕೂಡದು. ಆ ಕಾಳು ನಿಮ್ಮ ಕೋಳಿಗೂ ಸಿಗುವದು, ಸತ್ತ ಹಕ್ಕಿ ನಿಮ್ಮ ನಾಯಿಗೂ ಸಿಗುವದು, ವಿಷ ದನ ಕುಡಿಯುವ ನೀರಿಗೂ ಇಳಿಯುವದು. ಅಲ್ಲದೆ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದು ಜೇಲು ಕಾಣಿಸುವ ಅಪರಾಧ.

ಇನ್ನು ಉಂಗುರದ ಹಕ್ಕಿ ಸಿಕ್ಕರೆ ಏನು ಮಾಡಬೇಕು? ಬದುಕಿದ್ದರೆ ಉಂಗುರ ಬಿಚ್ಚಬೇಡಿರಿ. ಅದರ ಮೇಲಿನ ಅಕ್ಷರ, ಅಂಕಿ ಎಲ್ಲವನ್ನೂ ಇದ್ದಹಾಗೆ ಬರೆದುಕೊಂಡು, ಎರಡು ಸಲ ತಾಳೆ ನೋಡಿ, ಬಿಟ್ಟುಬಿಡಿರಿ. ಇಂಗ್ಲೀಷ ಓದಲು ಬಾರದಿದ್ದರೆ ಸಾಲಿಗೆ ಹೋಗುವ ಮಕ್ಕಳನ್ನು ಕರೆಯಿರಿ. ಕೈಯಲ್ಲಿ ಮೊಬೈಲಿದ್ದರೆ ಉಂಗುರದ ಸುತ್ತ ನಾಲ್ಕೂ ಮಗ್ಗಲು ಚಿತ್ರ ತೆಗೆಯಿರಿ. ನಮ್ಮ ದೇಶದ ಉಂಗುರದ ಮೇಲೆ ಬಾಂಬೆ ಸೊಸೈಟಿಗೆ ತಿಳಿಸಿರಿ ಎಂಬ ಒಕ್ಕಣೆ ಇರುತ್ತದೆ. ಪರದೇಶದ ಉಂಗುರವಾದರೂ ಅಡ್ಡಿಯಿಲ್ಲ, ಅವರಿಗೇ ಬರೆಯಬಹುದು. ಸತ್ತು ಬಿದ್ದ ಒಂಟಿ ಹಕ್ಕಿಯಾದರೆ ಬರಿಗೈಯಿಂದ ಮುಟ್ಟದೆ ಉಂಗುರ ಬಿಚ್ಚಿ ಇಟ್ಟುಕೊಳ್ಳಬಹುದು. ಆದರೆ ಒಂದೇ ಕಡೆ ಹತ್ತಾರು ಹಕ್ಕಿ ಸತ್ತಿದ್ದರೆ ಯಾವುದನ್ನೂ ಮುಟ್ಟಬೇಡಿರಿ, ಮಕ್ಕಳನ್ನು, ಕೋಳಿಗಳನ್ನು ದೂರವಿಟ್ಟು ಕೂಡಲೆ ದನದ ದವಾಖಾನೆಗೆ ತಿಳಿಸಿರಿ, ಹಕ್ಕಿಜ್ವರ ಇದ್ದೀತು. ಪಾರಿವಾಳದ ಕಾಲಿನಲ್ಲಿ ಉಂಗುರ ಕಂಡರೆ ಅದು ಹೆಚ್ಚಾಗಿ ಪಂದ್ಯಕ್ಕೆ ಸಾಕಿದವರದು, ಈ ಲೆಕ್ಕಕ್ಕೆ ಸೇರಿದ್ದಲ್ಲ.

ಪತ್ರದಲ್ಲಿ ಉಂಗುರದ ನಂಬರು, ಹಕ್ಕಿ ಸಿಕ್ಕ ತಾರೀಖು, ಊರು, ತಾಲೂಕು, ಜಿಲ್ಲೆ, ಬದುಕಿತ್ತೋ ಸತ್ತಿತ್ತೋ, ಹೇಗೆ ಸಿಕ್ಕಿತು ಎಂಬುದು ಇದ್ದರೆ ಸಾಕು. ಮೀನಿನ ಬಲೆಯಲ್ಲಿ ಸಿಕ್ಕು ಸತ್ತಿದ್ದರೂ ಖರೆ ಸಂಗತಿಯನ್ನೇ ಬರೆಯಿರಿ. ವಿಳಾಸ: ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಹಾರ್ನ್‌ಬಿಲ್ ಹೌಸ್, ಮುಂಬಯಿ. ನಿಮ್ಮ ಪೂರ್ತಿ ವಿಳಾಸವನ್ನೂ ಮರೆಯದೆ ಹಾಕಿರಿ. ಆ ನಂಬರಿನ ಉಂಗುರವನ್ನು ಯಾವ ದೇಶದಲ್ಲಿ, ಯಾವ ದಿನ, ಎಷ್ಟು ದೊಡ್ಡದಿದ್ದಾಗ ಹಾಕಿದರೆಂಬ ಉತ್ತರ ನಿಮ್ಮ ಮನೆಗೇ ಬರಲಿಕ್ಕೆ ಅದು ಬೇಕು.